ಒಳ್ಳೆಯ ಕೆಲಸದ ಚೀಟಿ ಆಟ: ಅಂಕ ಇಡಬೇಕೇ, ಬೇಡವೇ?

ಶಿರಸಿ ತಾಲೂಕಿನ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ವರ್ಷ ಶಾಲೆ ಆರಂಭವಾದ ಮೇಲೆ 26 ಮಕ್ಕಳನ್ನು ಕೂಡಿಸಿಕೊಂಡು ಒಂದು ಆಟ ಶುರುಮಾಡಿದೆ. ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರೂ ಡಬ್ಬಿಯಿಂದ ಒಂದು ಚೀಟಿ ಎತ್ತುತ್ತಾರೆ. ‘ಯಾರೂ ಹೇಳದೆಯೇ ಒಬ್ಬರ ಭಾರ ಹೊತ್ತುಕೊಡು’, ‘ಒಂಟಿಯಾಗಿ ಊಟಕ್ಕೆ ಕುಳಿತವರ ಪಕ್ಕದಲ್ಲಿ ಹೋಗಿ ಕುಳಿತುಕೋ’ ಎಂಬಂಥ ಒಂದು ಕೆಲಸ ಅದರಲ್ಲಿರುತ್ತದೆ. ಶನಿವಾರದೊಳಗೆ ಮಾಡಿ ಬಂದವರ ಹೆಸರಿನ ಮುಂದೆ ಗೋಡೆಯ ಹಾಳೆಯಲ್ಲಿ ಒಂದು ನಕ್ಷತ್ರ, ತಿಂಗಳ ಕೊನೆಗೆ ಹೆಚ್ಚು ನಕ್ಷತ್ರ ಪಡೆದವರಿಗೆ ಒಂದು ಪೆನ್ನು.

ಮೊದಲ ಮೂರು ವಾರ ಮಕ್ಕಳ ಉತ್ಸಾಹ ಹೇಳತೀರದು. ಆಮೇಲೆ ಕೆಲವರು ಮಾಡದ ಕೆಲಸವನ್ನೂ ಮಾಡಿದ್ದೇವೆಂದು ಹೇಳತೊಡಗಿದರು. ಅದನ್ನು ತಡೆಯಲು, ಸಹಾಯ ಪಡೆದವರಿಂದ ಸಹಿ ಹಾಕಿಸಿಕೊಂಡು ಬರಬೇಕೆಂಬ ನಿಯಮವನ್ನು ನಾನೇ ತಂದೆ. ಕಳೆದ ವಾರ ನಾನು ಬರುತ್ತಿದ್ದ ಬಸ್ಸಿನಿಂದಲೇ ಇಳಿದ ಒಬ್ಬ ಅಜ್ಜಿಯ ಅಕ್ಕಿ ಚೀಲವನ್ನು ನಮ್ಮ ಹುಡುಗನೊಬ್ಬ ಹೆಗಲಿಗೇರಿಸಿಕೊಂಡು ಏರುದಾರಿಯಲ್ಲಿ ಆಕೆಯ ಮನೆಯವರೆಗೂ ಹೊತ್ತ. ಜಗಲಿಯ ಮೇಲೆ ಚೀಲ ಇಳಿಸಿದವನೇ, ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡಿದ್ದ ನೋಟುಪುಸ್ತಕ ತೆಗೆದು ಸಹಿ ಕೇಳಿದ. ಆದರೂ ಮಳೆಗೆ ನೆನೆದಿದ್ದ ಹಾಳೆಯ ಮೇಲೆ ಪೆನ್ನು ಮೂಡಲಿಲ್ಲ. ಎರಡು ಮೂರು ಸಲ ಜಾಡಿಸಿ ಮತ್ತೆ ಆಕೆಯ ಕೈಗಿತ್ತ. “ತಮಾ, ಚೀಲ ಹೊತ್ತಿದ್ದಕ್ಕೆ ಸಹಿ ಎಂತಕ್ಕೆ?” ಎಂದು ಅಜ್ಜಿ ಕೇಳಿದರು. ಬೆಲ್ಲ ತರಲು ಒಳಗೆ ಹೊರಟವರು ಬಾಗಿಲಲ್ಲೇ ನಿಂತಿದ್ದರು. ಹಿಂದೆಯೇ ನಡೆದು ಬಂದಿದ್ದ ನನಗೆ ಆ ಹೊತ್ತಿನಲ್ಲಿ ಏನು ಹೇಳಬೇಕೆಂದೇ ತೋಚಲಿಲ್ಲ. ಹುಡುಗನದು ತಪ್ಪಲ್ಲ, ನಿಯಮ ನನ್ನದು.

ಆಟವನ್ನು ನಿಲ್ಲಿಸಲು ಮನಸ್ಸಿಲ್ಲ. ಆದರೆ ನಕ್ಷತ್ರ, ಸಹಿ ಎರಡನ್ನೂ ತೆಗೆದರೆ ಮಕ್ಕಳು ಆಡುತ್ತಾರೆಯೇ? ಇಂಥ ಆಟ ಆಡಿಸಿದವರು, ಆಡಿದವರು ದಯವಿಟ್ಟು ತಿಳಿಸಿ.

ಕುಮಟಾದಿಂದ, ನಿವೃತ್ತ ಶಿಕ್ಷಕ

ಮೇಡಂ, ಬಹುಮಾನದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟರು, ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ನೋಡಿದಾಗ, ಬಹುಮಾನದ ಆಸೆಯಿಂದ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಕಡೆ ಹೋಗುತ್ತಿದ್ದರು. 2008ರಲ್ಲಿ ವಾರ್ನೆಕೆನ್ ಮತ್ತು ಟೊಮಸೆಲ್ಲೊ ಸಹಾಯ ಮಾಡುವ ಗುಣವನ್ನೇ ನೋಡಿದರು. ಇಪ್ಪತ್ತು ತಿಂಗಳ ಕೂಸುಗಳು ಬಿದ್ದ ವಸ್ತುವನ್ನು ತಾವಾಗಿಯೇ ಎತ್ತಿಕೊಡುತ್ತವೆ. ಆದರೆ ಪ್ರತಿ ಸಲ ಆಟಿಕೆಯ ಬಹುಮಾನ ಪಡೆದ ಕೂಸುಗಳು ಮುಂದೆ ಎತ್ತಿಕೊಡುವುದನ್ನು ಕಡಿಮೆ ಮಾಡಿದವು. ಬಾಯಿಮಾತಿನಲ್ಲಿ ಹೊಗಳಿಸಿಕೊಂಡವು ಹಾಗೆ ಹಿಂದೆ ಸರಿಯಲಿಲ್ಲ.

ಹಾಗಾಗಿ ನಕ್ಷತ್ರ ಮತ್ತು ಪೆನ್ನನ್ನು ಇಂದೇ ತೆಗೆಯಿರಿ. ಚೀಟಿ ಇರಲಿ, ಏಕೆಂದರೆ ಚೀಟಿ ದಾರಿ ತೋರಿಸುತ್ತದೆಯೇ ಹೊರತು ಕೂಲಿ ಕೊಡುವುದಿಲ್ಲ. ಸುಳ್ಳು ಹೇಳುವವರ ಚಿಂತೆ ಬಿಡಿ. ಸುಳ್ಳಿನಿಂದ ಸಿಗುವುದೇನೂ ಇಲ್ಲವೆಂದಾದರೆ ಹೇಳುವವರು ಯಾರು?

ಕಾರವಾರ, ಕೋಡಿಬಾಗ

ಇಂಥದೇ ಒಂದು ಆಟವನ್ನು ನಾನು ಕೆಲವು ವರ್ಷ ಆಡಿದ್ದೇನೆ. ಅಮೆರಿಕದ ಬರ್ಕ್ಲಿಯಲ್ಲಿ 2003ರ ಸುಮಾರಿಗೆ ಹುಟ್ಟಿದ ‘ಸ್ಮೈಲ್ ಕಾರ್ಡ್’ ಆಟ ಅದು. ನೀವು ಹೆಸರು ಹೇಳದೆ ಯಾರಿಗಾದರೂ ಒಂದು ಉಪಕಾರ ಮಾಡಿ, ಅಲ್ಲೊಂದು ಚಿಕ್ಕ ಕಾರ್ಡು ಬಿಟ್ಟು ಬರುತ್ತೀರಿ. ಅದನ್ನು ಪಡೆದವರು ಮತ್ತೊಬ್ಬರಿಗೆ ಉಪಕಾರ ಮಾಡಿ ಅದೇ ಕಾರ್ಡನ್ನು ಮುಂದೆ ದಾಟಿಸಬೇಕು. ಅದರಲ್ಲಿ ಗೆದ್ದವರು, ಸೋತವರು ಎಂಬುದಿಲ್ಲ. 2008ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ‘ಅಕೋಹಾ’ ಎಂಬ ಆಟವೂ ಬಂದಿತ್ತು. ಅದರಲ್ಲಿ ಪ್ರತಿ ಕಾರ್ಡಿಗೂ ಒಂದು ಸಂಕೇತ ಸಂಖ್ಯೆ ಇದ್ದು, ಅದನ್ನು ಜಾಲತಾಣದಲ್ಲಿ ದಾಖಲಿಸಿದರೆ ಅಂಕ ಸಿಗುತ್ತಿತ್ತು. ಅದು 2011ರಲ್ಲಿ ನಿಂತುಹೋಯಿತು. ಕಾರ್ಡು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುವ ಕುತೂಹಲ ನನಗೂ ಇತ್ತು, ಅದನ್ನು ಅಲ್ಲಗಳೆಯಲಾರೆ. ಆದರೂ ಗುಟ್ಟಾಗಿ ಮಾಡುವುದರಲ್ಲಿರುವ ಸಂತೋಷವೇ ಬೇರೆ; ಮಕ್ಕಳಿಗಂತೂ ಗುಟ್ಟಿಗಿಂತ ದೊಡ್ಡ ಬಹುಮಾನ ಬೇಕಿಲ್ಲ.

ಇಂಥ ಆಟವೇ ಬೇಕೇ ಎಂದು ಕೆಲವರು ಕೇಳುತ್ತಾರೆ. 2024ರ ಆಗಸ್ಟ್ 7ರ ನಸುಕಿನಲ್ಲಿ ನಮ್ಮ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ ಅದರ ಚಾಲಕನ ಜೀವ ಉಳಿಸಲು ಇಲ್ಲಿಯ ಮೀನುಗಾರರು ಯಾವ ಚೀಟಿಗೂ ಕಾಯಲಿಲ್ಲ. ಅಂಥ ಆಪತ್ತಿನಲ್ಲಿ ಕೈ ತಾನಾಗಿಯೇ ಮುಂದೆ ಬರುತ್ತದೆ. ಏನೂ ನಡೆಯದ ದಿನ, ಬಸ್ ನಿಲ್ದಾಣದಲ್ಲಿ ಬೋರ್ಡು ಓದಲಾಗದೆ ಅತ್ತಿತ್ತ ನೋಡುತ್ತಿರುವವರು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಆಟ ಬೇಕಾಗಿರುವುದು ಅಂಥ ದಿನಗಳಿಗೆ.

ಒಂದು ಎಚ್ಚರಿಕೆ: ಸಹಿ ಬಿಟ್ಟು ಫೋಟೊಕ್ಕೆ ಮಾತ್ರ ಹೋಗಬೇಡಿ. ಸಹಾಯ ಪಡೆಯುವವರ ಮುಖ ವಾಟ್ಸಾಪಿನಲ್ಲಿ ಸುತ್ತುವುದು ಸಹಿಗಿಂತ ಹತ್ತು ಪಾಲು ನೋವು ಕೊಡುತ್ತದೆ.

ಸಿದ್ದಾಪುರ ರಸ್ತೆಯ ತೋಟಿಗ

ಅಕ್ಕೋರೇ, ನಮ್ಮಲ್ಲಿ ಮುರಿಯಾಳು ಎಂಬ ಪದ್ಧತಿ ಇದೆ. ಕೊನೆಕೊಯ್ಲು ಮುಗಿದು ಅಡಿಕೆ ಸುಲಿಯುವ ಕಾಲಕ್ಕೆ ಅಕ್ಕಪಕ್ಕದ ಮನೆಯವರು ಮೆಟ್ಟುಗತ್ತಿ ಹಿಡಿದು ರಾತ್ರಿ ನಮ್ಮ ಮನೆಗೆ ಬರುತ್ತಾರೆ, ಮರುದಿನ ನಾವು ಅವರ ಮನೆಗೆ ಹೋಗುತ್ತೇವೆ. ಅದರಲ್ಲಿ ಲೆಕ್ಕ ಇದ್ದೇ ಇದೆ: ಇಬ್ಬರು ಬಂದಿದ್ದರೆ ನಾವೂ ಇಬ್ಬರು ಹೋಗಬೇಕು. ಆ ಲೆಕ್ಕದಲ್ಲಿ ತಪ್ಪಿಲ್ಲ, ಅದರಿಂದಲೇ ಎಲ್ಲರ ಕೆಲಸ ಸಾಗುತ್ತದೆ. ಆದರೆ ದಾರಿಯಲ್ಲಿ ಹೋಗುವವರು ಜಗಲಿ ಹತ್ತಿದರೆ “ಆಸರಿಗೆ ಎಂತ ಬೇಕು?” ಎಂದು ಕೇಳಿ ಬೆಲ್ಲ, ನೀರು ಇಡುವುದಕ್ಕೆ ಯಾರ ಮನೆಯಲ್ಲೂ ಲೆಕ್ಕ ಬರೆದಿಟ್ಟಿಲ್ಲ. ನಿಮ್ಮ ಹುಡುಗ ಚೀಲ ಹೊತ್ತದ್ದು ಎರಡನೆಯ ಬಗೆಯದು, ಸಹಿ ಕೇಳಿದ್ದು ಮೊದಲನೆಯ ಬಗೆಯದು. ಅಜ್ಜಿಗೆ ಗೊಂದಲವಾದದ್ದು ಅಲ್ಲಿಯೇ.

ನನ್ನದೊಂದು ಸಲಹೆ. ಮಾಡಿದ್ದನ್ನು ಹೇಳಿಸುವುದರ ಬದಲು ಪಡೆದದ್ದನ್ನು ಹೇಳಿಸಿ. ಈ ವಾರ ಯಾರು ನಿನಗೆ ಒಳ್ಳೆಯದು ಮಾಡಿದರು ಎಂದು ಕೇಳಿದರೆ, ಕೊಡೆಯ ಅರ್ಧ ಕೊಟ್ಟವನ ಹೆಸರು ಇನ್ನೊಬ್ಬನ ಬಾಯಿಂದ ಬರುತ್ತದೆ. ತಾನಾಗಿ ಹೇಳಿಕೊಳ್ಳುವ ಮುಜುಗರವೂ ಇಲ್ಲ, ಸಾಕ್ಷಿಯ ಪ್ರಶ್ನೆಯೂ ಇಲ್ಲ.

ಶಿರಸಿ ತಾಲೂಕಿನ ಶಿಕ್ಷಕಿ

ಮೂವರಿಗೂ ಮನಸಾರೆ ಧನ್ಯವಾದ. ಗೋಡೆಯ ಹಾಳೆಯನ್ನು ಇಂದು ಮಧ್ಯಾಹ್ನವೇ ತೆಗೆದೆ. ಮೊದಲ ಸ್ಥಾನದಲ್ಲಿದ್ದ ಹುಡುಗಿಗೆ ಬೇಸರವಾಗಿದೆ, ಅವಳೊಡನೆ ಕುಳಿತು ಮಾತನಾಡಬೇಕು. ಶನಿವಾರದ ಕೊನೆಯ ಅವಧಿಯಲ್ಲಿ ಪಡೆದದ್ದನ್ನು ಹೇಳಿಸುವುದೆಂದು ನಿಶ್ಚಯಿಸಿದ್ದೇನೆ, ಮತ್ತು ಸೋಮವಾರದಿಂದ ಡಬ್ಬಿಯಲ್ಲಿ ನನ್ನದೂ ಒಂದು ಚೀಟಿ ಇರುತ್ತದೆ. ಚೀಲ ಹೊತ್ತ ಹುಡುಗನನ್ನು ಕರೆದುಕೊಂಡು ನಾಳೆ ಸಂಜೆ ಅಜ್ಜಿಯ ಮನೆಗೆ ಹೋಗುತ್ತಿದ್ದೇನೆ. ಆ ದಿನ ಅವನು ಬೆಲ್ಲ ತಿನ್ನದೆಯೇ ಬಂದಿದ್ದ.

ಕಾರವಾರದವರು ತಮ್ಮ ಕಾರ್ಡಿನ ಮೇಲೆ ಕನ್ನಡದಲ್ಲಿ ಏನು ಬರೆಯುತ್ತಿದ್ದರೆಂದು ತಿಳಿಸಿದರೆ ಉಪಕಾರವಾಗುತ್ತದೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಅರ್ಥವಾಗುವ ಒಂದೇ ಸಾಲು ಸಾಕು.