ಹನ್ನೆರಡು ಗಂಟೆ ಡ್ಯೂಟಿ, ಬಿಡಲಾ ಇರಲಾ?

ಪ್ರಶ್ನೆ:
ಹಾಸನದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಬೇಲೂರಿಂದ ದಿನಾ ಬಸ್ಸು, ಹೋಗಿ ಬರೋದೇ ಹತ್ತಿರ ಹತ್ತಿರ 80 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಮನೆ, ಅಷ್ಟೊತ್ತಿಗೆ ಮಗಳು ಮಲಗಿರುತ್ತಾಳೆ, ಭಾನುವಾರ ನನ್ನನ್ನು ನೋಡಿ ಯಾರೋ ನೆಂಟರು ಬಂದ ಹಾಗೆ ನಾಚಿಕೊಳ್ಳುತ್ತಾಳೆ. ಓಟಿ ಬಿಟ್ಟರೆ ಸಂಘದ ಸಾಲದ ಕಂತು ಕಟ್ಟೋಕೆ ಆಗುವುದಿಲ್ಲ. ಏನು ಮಾಡಲಿ?

ಉತ್ತರ 1:
ಮೊದಲು ಸಂಬಳದ ಚೀಟಿ ನೋಡಿ. 1948ರ ಕಾರ್ಖಾನೆ ಕಾಯ್ದೆ ಕಾಲದಿಂದಲೂ ವಾರಕ್ಕೆ 48 ಗಂಟೆ ಅಂತಲೇ ಲೆಕ್ಕ, ಅದರ ಮೇಲೆ ದುಡಿದರೆ ಎರಡರಷ್ಟು ಕೂಲಿ. ನಮ್ಮಲ್ಲಿ ಎರಡು ವರ್ಷ ಸಿಂಗಲ್ ರೇಟೇ ಕೊಟ್ಟರು, ನಾವೂ ಸುಮ್ನೆ ತಗೊಂಡೆವು! ದುಪ್ಪಟ್ಟು ಸಿಕ್ಕರೆ ಅರ್ಧ ಓಟಿಗೇ ಅಷ್ಟು ದುಡ್ಡು ಬರುತ್ತದೆ, ಅಲ್ವಾ?

ಉತ್ತರ 2:
ಹಾಸನದಲ್ಲೇ ಸಣ್ಣ ಮನೆ ಮಾಡಿ. ಬಾಡಿಗೆ ಜಾಸ್ತಿ ಅನ್ನಿಸಬಹುದು, ಆದರೆ ದಿನಕ್ಕೆ ಮೂರು ಗಂಟೆ ಉಳಿಯುತ್ತದೆ. ನಾನು ಚಿಕ್ಕಮಗಳೂರಲ್ಲಿ ಹಾಗೇ ಮಾಡಿದೆ. ಅಮ್ಮ ಮಾತ್ರ ಇನ್ನೂ ಬೈಯುತ್ತಾರೆ.

ಪ್ರಶ್ನೆ ಕೇಳಿದವರು:
ಚೀಟಿ ತೆಗೆದು ನೋಡಿದೆ ಅಣ್ಣ, ಸಿಂಗಲ್ ರೇಟೇ. ನಾಳೆ ನಾಲ್ಕು ಜನ ಸೇರಿ ಕೇಳುತ್ತೇವೆ. ಮನೆ ವಿಷಯ ಕಷ್ಟ, ಊರಲ್ಲಿ ಎರಡು ಹಸು ಇವೆ, ಅಪ್ಪ ಒಬ್ಬರೇ.