ಹಳೆಯ ಡೆಸ್ಕ್‌ಟಾಪ್: ರೂಟರ್ ಬದಲಾಯಿಸಿದ ಮೇಲೆ ವೈಫೈ ಕಾರ್ಡ್ ಕನೆಕ್ಟ್ ಆಗುತ್ತಿಲ್ಲ

ಪ್ರಶ್ನೆ:

ನಮಸ್ಕಾರ. ನನ್ನದು ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 10 ಇದೆ. ಪಿಸಿಐ ಸ್ಲಾಟ್‌ನಲ್ಲಿ 802.11ಜಿ ಅನ್ನುವ ಹಳೆಯ ತಲೆಮಾರಿನ ವೈಫೈ ಕಾರ್ಡ್ ಇದೆ. ಹಿಂದಿನ ರೂಟರ್ ಜೊತೆ ಚೆನ್ನಾಗಿಯೇ ನಡೆಯುತ್ತಿತ್ತು. ಈಗ ಹೊಸ ರೂಟರ್ ಹಾಕಿದ್ದೇನೆ. ನೆಟ್‌ವರ್ಕ್ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಕೊಟ್ಟರೆ ಸ್ವಲ್ಪ ಹೊತ್ತು ಸುತ್ತಿ ಕನೆಕ್ಟ್ ಆಗುವುದಿಲ್ಲ ಅನ್ನುತ್ತದೆ. ಮೊಬೈಲ್‌ಗಳಿಗೆ ತೊಂದರೆ ಇಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದ್ದೂ ಆಯಿತು. ಕಾರ್ಡ್ ಹೋಗಿದೆಯಾ? ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಉತ್ತರ:

ವಿಂಡೋಸ್ ಮುಟ್ಟಬೇಡಿ. ನೆಟ್‌ವರ್ಕ್ ಹೆಸರು ಕಾಣುತ್ತಿದೆ ಅಂದರೆ ಕಾರ್ಡ್, ಆಂಟೆನಾ, ಡ್ರೈವರ್ ಮೂರೂ ಕೆಲಸ ಮಾಡುತ್ತಿವೆ. ಸತ್ತ ಕಾರ್ಡ್‌ಗೆ ಏನೂ ಕಾಣುವುದಿಲ್ಲ, ಅಲ್ವಾ?

ವೈಫೈ ತೊಂದರೆಯಲ್ಲಿ ಮೊದಲು ಹುಡುಕಬೇಕಾದದ್ದು ಕೆಲಸ ಎಲ್ಲಿಯವರೆಗೆ ಬಂದು ನಿಂತಿದೆ ಅನ್ನುವುದನ್ನು. ಕಾರ್ಡ್ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣಬೇಕು, ಆಮೇಲೆ ನೆಟ್‌ವರ್ಕ್ ಹೆಸರು ಕಾಣಬೇಕು, ಆಮೇಲೆ ರೂಟರ್ ಒಳಗೆ ಬಿಟ್ಟುಕೊಳ್ಳಬೇಕು, ಆಮೇಲೆ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ನಂಬರ್, ಸಿಗಬೇಕು. ನಿಮ್ಮದು ಮೂರನೆಯದರಲ್ಲಿ ನಿಂತಿದೆ. ಅಲ್ಲಿ ನಿಂತರೆ ನನ್ನ ಅನುಮಾನ ಬಹುಪಾಲು ಸೆಕ್ಯುರಿಟಿ ಸೆಟ್ಟಿಂಗ್ ಮೇಲೆಯೇ.

ಹೊಸ ರೂಟರ್‌ಗಳಲ್ಲಿ ಡಬ್ಲ್ಯುಪಿಎ3 ಅನ್ನುವ ವೈಫೈ ಸೆಕ್ಯುರಿಟಿ ಪದ್ಧತಿ ಇರುತ್ತದೆ. ಅದು ಬಂದಿದ್ದು 2018ರಲ್ಲಿ. 802.11ಜಿ ಬಂದಿದ್ದು 2003ರಲ್ಲಿ. ಅಷ್ಟು ಹಳೆಯ ಕಾರ್ಡ್‌ನ ಡ್ರೈವರ್‌ಗೆ ಡಬ್ಲ್ಯುಪಿಎ3 ಗೊತ್ತೇ ಇರುವುದಿಲ್ಲ. ಪಾಸ್‌ವರ್ಡ್ ಸರಿಯಾಗಿದ್ದರೂ ಮಾತುಕತೆ ಅರ್ಧಕ್ಕೇ ಮುರಿಯುತ್ತದೆ. ಪಿಎಂಎಫ್ ಅನ್ನುವ, ವೈಫೈನ ನಿಯಂತ್ರಣ ಸಂದೇಶಗಳನ್ನು ಕಾಪಾಡುವ ಸೆಟ್ಟಿಂಗ್ ‘ರಿಕ್ವೈರ್ಡ್’ ಅಂತ ಇದ್ದರೂ ಇದೇ ಕಥೆ. ಡಬ್ಲ್ಯುಪಿಎ3 ಮತ್ತು ಅದಕ್ಕಿಂತ ಹಳೆಯ ಡಬ್ಲ್ಯುಪಿಎ2 ಎರಡೂ ಸೇರಿದ ಮಿಶ್ರ ಮೋಡ್‌ನಲ್ಲಿ ಕನೆಕ್ಟ್ ಆಗಬೇಕು, ಆದರೆ ಕೆಲವು ಹಳೆಯ ಡ್ರೈವರ್‌ಗಳು ಅದರಲ್ಲೂ ಮುಗ್ಗರಿಸುತ್ತವೆ.

ರೂಟರ್ ಸೆಟ್ಟಿಂಗ್ ತೆರೆದು 2.4 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಮಾತ್ರ ಡಬ್ಲ್ಯುಪಿಎ2, ಎಇಎಸ್ (ಗೂಢಲಿಪಿ ವಿಧಾನ) ಅಂತ ಇಡಿ. ನಿಮ್ಮ ಕಾರ್ಡ್‌ಗೆ 5 ಗಿಗಾಹರ್ಟ್ಸ್ ಬೇಕಾಗಿಯೇ ಇಲ್ಲ, ಅಲ್ಲಿ ಡಬ್ಲ್ಯುಪಿಎ3 ಹಾಗೇ ಇರಲಿ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇದ್ದರೆ ಈ ಪರೀಕ್ಷೆ ಮುಗಿಯುವವರೆಗೆ ಬೇರೆ ಬೇರೆ ಹೆಸರು ಕೊಡಿ. ಚಾನೆಲ್ 1, 6 ಅಥವಾ 11 ಇರಲಿ. 12, 13 ಇದ್ದರೆ ಕೆಲವು ಹಳೆಯ ಕಾರ್ಡ್‌ಗಳಿಗೆ ಹೆಸರೇ ಕಾಣುವುದಿಲ್ಲ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು. ಮೋಡ್‌ನಲ್ಲಿ ಜಿ ಕೂಡ ಸೇರಿರಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಾರ್ಡ್ ಕನೆಕ್ಟ್ ಆಗಲಿ ಅಂತ ಡಬ್ಲ್ಯುಇಪಿ ಅನ್ನುವ ಇನ್ನೂ ಹಳೆಯ ಸೆಕ್ಯುರಿಟಿ ಪದ್ಧತಿಗೆ ಇಳಿಯಬೇಡಿ, ಪಾಸ್‌ವರ್ಡ್ ತೆಗೆದು ಓಪನ್ ಬಿಡಬೇಡಿ. ಡಬ್ಲ್ಯುಇಪಿ ಮುರಿದು ಎಷ್ಟೋ ಕಾಲವಾಯಿತು. ಡಬ್ಲ್ಯುಪಿಎ2 ಜೊತೆ ಉದ್ದನೆಯ ಪಾಸ್‌ವರ್ಡ್ ಇಟ್ಟರೆ ಧೈರ್ಯವಾಗಿ ಬಳಸಬಹುದು. ಮುಖ್ಯ ನೆಟ್‌ವರ್ಕ್ ಮುಟ್ಟಲು ಇಷ್ಟವಿಲ್ಲದಿದ್ದರೆ ಗೆಸ್ಟ್ ನೆಟ್‌ವರ್ಕ್ ಒಂದನ್ನು ಡಬ್ಲ್ಯುಪಿಎ2ನಲ್ಲಿ ಮಾಡಿ. ಆದರೆ ಅದರಿಂದ ಪ್ರಿಂಟರ್ ಸಾಮಾನ್ಯವಾಗಿ ಸಿಗುವುದಿಲ್ಲ.

ಆಮೇಲೆ ವಿಂಡೋಸ್‌ನಲ್ಲಿ ಹಳೆಯ ನೆಟ್‌ವರ್ಕ್ ಹೆಸರಿನ ಮೇಲೆ ‘ಫರ್ಗೆಟ್’ ಒತ್ತಿ ಹೊಸದಾಗಿ ಪಾಸ್‌ವರ್ಡ್ ಕೊಡಿ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್! ರೂಟರ್‌ನಲ್ಲಿ ಬರೀ ಡಬ್ಲ್ಯುಪಿಎ3 ಇತ್ತು. ಬದಲಾಯಿಸಿದ ಕೂಡಲೇ ಕನೆಕ್ಟ್ ಆಯಿತು. ಆದರೆ ಇನ್ನೆರಡು ತೊಂದರೆ. ಸ್ವಲ್ಪ ಹೊತ್ತು ಕಂಪ್ಯೂಟರ್ ಸುಮ್ನೆ ಬಿಟ್ಟರೆ ಕನೆಕ್ಷನ್ ಬಿಟ್ಟುಹೋಗುತ್ತದೆ. ಬ್ರೌಸರ್‌ನಲ್ಲಿ ಯಾವ ಸೈಟ್ ತೆರೆದರೂ ಸುರಕ್ಷಿತವಲ್ಲ, ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ. ಇದೂ ಡಬ್ಲ್ಯುಪಿಎ2 ಮಾಡಿದ್ದರಿಂದಲೇ?

ಉತ್ತರ:

ಅಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪರದೆಯ ಮೂಲೆಯಲ್ಲಿ ತಾರೀಖು ನೋಡಿ. ತುಂಬಾ ಹಿಂದಿನ ವರ್ಷ ತೋರಿಸುತ್ತಿದ್ದರೆ ಅದೇ ಕಾರಣ. ಪ್ರತಿ ಸರ್ಟಿಫಿಕೇಟ್‌ಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ಗಡಿಯಾರ ಅದರಿಂದ ಹೊರಗೆ ಇದ್ದರೆ ಬ್ರೌಸರ್ ಒಪ್ಪುವುದಿಲ್ಲ. ತಾರೀಖು ಸರಿಮಾಡಿ. ಪ್ಲಗ್ ತೆಗೆದು ಹಾಕಿದ ಮೇಲೆ ಮತ್ತೆ ಹಿಂದಕ್ಕೆ ಹೋದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಹೆಚ್ಚಿನ ಬೋರ್ಡ್‌ಗಳಲ್ಲಿ ಅದು ಸಿಆರ್2032, 3 ವೋಲ್ಟ್. ಹಳೆಯದನ್ನು ತೆಗೆದು ಅದರ ಮೇಲಿನ ನಂಬರ್ ನೋಡಿಯೇ ತನ್ನಿ. ಪವರ್ ಕೇಬಲ್ ತೆಗೆದ ಮೇಲೆಯೇ ಕೈ ಹಾಕಿ.

ಕನೆಕ್ಷನ್ ಬಿಟ್ಟುಹೋಗುವುದಕ್ಕೆ: ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಅರ್ಥದ ಟಿಕ್ ಇರುತ್ತದೆ, ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲೂ ವೈರ್‌ಲೆಸ್ ಅಡಾಪ್ಟರ್ ಅಂತ ಇದೆ, ಅಲ್ಲಿ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಇಡಿ.

ಆಮೇಲೂ ಬಿಟ್ಟುಹೋದರೆ ಬಿಟ್ಟ ಸಮಯಕ್ಕೆ ರೂಟರ್ ವಿಳಾಸಕ್ಕೇ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್) ಮಾಡಿ. ರೂಟರ್ ಉತ್ತರ ಕೊಟ್ಟರೆ ವೈಫೈ ಸರಿಯಿದೆ, ತೊಂದರೆ ಇಂಟರ್ನೆಟ್ ಕಡೆಯದು. ಐಪಿ ವಿಳಾಸ 169.254 ಅಂತ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಎರಡೂ ಅಲ್ಲದಿದ್ದರೆ ಆಂಟೆನಾ ನೋಡಿ. ಡೆಸ್ಕ್‌ಟಾಪ್‌ನಲ್ಲಿ ಅದು ತಗಡಿನ ಪೆಟ್ಟಿಗೆಯ ಹಿಂದೆ, ಗೋಡೆಗೆ ಅಂಟಿಕೊಂಡು, ಮೇಜಿನ ಕೆಳಗೆ ಇರುತ್ತದೆ. ಸಿಗ್ನಲ್‌ಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ತಂತಿ ಇರುವ ಆಂಟೆನಾ ಹಾಕಿ ಮೇಜಿನ ಮೇಲೆ ತನ್ನಿ.

ಪ್ರಶ್ನೆ ಕೇಳಿದವರು:

ತಾರೀಖು ತಪ್ಪಾಗಿತ್ತು, ಸರಿಮಾಡಿದೆ. ಸೈಟ್‌ಗಳೆಲ್ಲ ತೆರೆಯುತ್ತಿವೆ. ಟಿಕ್ ತೆಗೆದ ಮೇಲೆ ಕನೆಕ್ಷನ್ ಕೂಡ ಬಿಟ್ಟುಹೋಗದೆ ನಿಂತಿದೆ. ಹೊಸ ಕಾರ್ಡ್ ತೆಗೆದುಕೊಂಡರೆ ಸ್ಪೀಡ್ ಜಾಸ್ತಿ ಆಗುತ್ತದಾ?

ಉತ್ತರ:

ಆಗುತ್ತದೆ. 802.11ಜಿ ಕಾರ್ಡ್ ಮೇಲೆ 54 ಎಂಬಿಪಿಎಸ್ ಅಂತ ಬರೆದಿದ್ದರೂ ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಆದರೆ ರೂಟರ್‌ನಿಂದ ಕೇಬಲ್ ಎಳೆಯಲು ಸಾಧ್ಯವಿದ್ದರೆ ಮೊದಲು ಅದನ್ನೇ ಮಾಡಿ. ಹಳೆಯ ಬೋರ್ಡ್‌ನ 100 ಎಂಬಿಪಿಎಸ್ ಪೋರ್ಟ್ ಕೂಡ ಈ ಕಾರ್ಡ್‌ಗಿಂತ ಎಷ್ಟೋ ವಾಸಿ.

ವೈಫೈಯೇ ಬೇಕು ಅಂದರೆ ಪೆಟ್ಟಿಗೆ ತೆರೆದು ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದೆಯಾ ನೋಡಿ. ಹಳೆಯ ಪಿಸಿಐ ಸ್ಲಾಟ್‌ಗೆ ಅದರ ಕಾರ್ಡ್ ಕೂರುವುದಿಲ್ಲ. ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ತಂದು, ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಪೆಟ್ಟಿಗೆಯಿಂದ ದೂರ ಇಡಿ. ನಿಮ್ಮ ವಿಂಡೋಸ್ 32 ಬಿಟ್ಟಾ, 64 ಬಿಟ್ಟಾ ನೋಡಿಕೊಂಡು ಅದಕ್ಕೆ ಡ್ರೈವರ್ ಇದೆಯಾ ಅಂತ ಕೊಳ್ಳುವ ಮೊದಲೇ ವಿಚಾರಿಸಿ. ಈಗಿನ ಕಾರ್ಡ್‌ಗಳಲ್ಲಿ ಬಹಳಷ್ಟಕ್ಕೆ 32 ಬಿಟ್ ಡ್ರೈವರ್ ಬರುವುದಿಲ್ಲ.