ಚೈತ್ರಾ ವಾರ್ಡಿಗೆ ಹೋಗೋ ಮುಂಚೆ ಇದನ್ನ ಪೂರ್ತಿ ಕೇಳಿ

ಸವಿತಾ, ಮನೆ ಗ್ರೂಪಲ್ಲಿ ನಿನ್ ಮೆಸೇಜು ಈಗ ನೋಡ್ದೆ ಕಣೆ. ಸೋಮವಾರದಿಂದ ಚೈತ್ರಂಗೆ ಜಿಡಿಎ, ಅಂದ್ರೆ ವಾರ್ಡಲ್ಲಿ ರೋಗಿಗಳನ್ನ ನೋಡ್ಕೊಳ್ಳೋ ಸಹಾಯಕಿ ಕೆಲ್ಸದ ಟ್ರೈನಿಂಗು, ಭಯ ಆಗ್ತಿದೆ ದೊಡ್ಡಮ್ಮ, ಕಳಿಸ್ಲೋ ಬೇಡ್ವೋ ಅಂತ ಕೇಳಿದ್ಯಲ್ಲ, ಕಳ್ಸು. ಬೆಡ್‌ಪ್ಯಾನು, ವಾಂತಿ, ಹೆಣ ಅಂತ ನಿಮ್ಮಪ್ಪ ಹೆದ್ರಿಸ್ತಿರ್ತಾರೆ, ಅದೆಲ್ಲ ಅಭ್ಯಾಸ ಆಗತ್ತೆ. ಹೆದರ್ಬೇಕಾಗಿರೋದು ಸೂಜಿಗೆ.

ನನ್ ಕಥೆ ನಿಮ್ಗೆಲ್ಲ ಗೊತ್ತೇ ಇದೆ, ಆದ್ರೆ ಚೈತ್ರಾ ಆಗ ಹುಟ್ಟಿರ್ಲಿಲ್ಲ, ಅವ್ಳು ಕೇಳ್ಲಿ. ಆಗ ಆಸ್ಪತ್ರೇಲಿ ಆಯಾ ಆಗಿದ್ದೆ, ಬೆಳಗಿನ ಡ್ಯೂಟಿ, ಡಾಕ್ಟ್ರು ರೌಂಡ್ಸ್‌ಗೆ ಬರೋ ಅಷ್ಟ್ರಲ್ಲಿ ಹಾಸಿಗೆ ಎಲ್ಲಾ ಸರಿ ಮಾಡ್ಬೇಕು, ಹೆಪಟೈಟಿಸ್ ಬಿ, ಅಂದ್ರೆ ರಕ್ತದಿಂದ ಅಂಟೋ ಕಾಮಾಲೆ ಆಗಿದ್ದ ಒಬ್ರನ್ನ ಆ ಮಗ್ಗುಲಿಗೆ ತಿರುಗ್ಸಿ, ಕೆಂಪು ರಬ್ಬರ್ ಶೀಟ್ ಮೇಲಿದ್ದ ಡ್ರಾಶೀಟ್, ಅದೇ ಸೊಂಟದ ಕೆಳಗೆ ಹಾಸೋ ಅಡ್ಡ ಬಟ್ಟೆ, ಸುತ್ತಿ ಎಳೀತಿದೀನಿ, ಚುರ್ ಅಂತು. ರಾತ್ರಿ ರಕ್ತ ತೆಗ್ದೋರು ಯಾರೋ ಸೂಜೀನ ಹಾಸಿಗೇಲೇ ಬಿಟ್ಟೋಗಿದಾರೆ! ಹೆಬ್ಬೆರಳ ಬುಡದಲ್ಲಿ, ಗ್ಲೌಸ್ ಒಳಗೇ ರಕ್ತ ತುಂಬ್ಕೊಳ್ತಿದೆ. ಗ್ಲೌಸು ಸೂಜೀನ ತಡೆಯಲ್ಲ ಕಣಮ್ಮ. ಬರ್ಕೊಳ್ಳಿ ಅಂದ್ರೆ ನೀನು ಕಾಂಟ್ರಾಕ್ಟ್‌ನೋಳು, ರಿಜಿಸ್ಟರ್‌ಗೆ ಬರಲ್ಲ ಅಂದ್ರು. ಟೆಸ್ಟೂ ನನ್ ದುಡ್ಡಲ್ಲೇ, ಆರು ತಿಂಗ್ಳಾದ್ಮೇಲೆ ಇನ್ನೊಂದ್ಸಲ ಮಾಡ್ಸಿ ನೆಗೆಟಿವ್ ಅಂತ ಬರೋವರ್ಗೂ ಗಂಟಲಲ್ಲಿ ಅನ್ನ ಇಳೀಲಿಲ್ಲ.

ಅದಕ್ಕೇ ಚೈತ್ರಾ, ಹಾಸಿಗೆ ಬಟ್ಟೇನ ಬಾಚಿ ತಬ್ಬಿ ಎತ್ಬೇಡ. ಬಿಡಿಸಿ, ಕಣ್ಣಲ್ಲಿ ನೋಡಿ, ಆಮೇಲೆ ಕೈ ಹಾಕು.

ಸೂಜಿ ನೋವು ಒಂದು ಕಡೆ, ಆ ಆರು ತಿಂಗ್ಳು ಮನೇಲಿ ನನ್ ತಟ್ಟೆ ಲೋಟ ಬೇರೆ ಇಟ್ರಲ್ಲ ಅದೊಂದು ಕಡೆ. ಜೊತೇಲಿ ಕೂತು ಉಂಡ್ರೆ ಆ ಕಾಯಿಲೆ ಬರಲ್ಲ, ರಕ್ತದಿಂದ ಬರತ್ತೆ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ನಾದಿನಿ ಮದ್ವೇಲಿ ಆಯಾ ಕೆಲ್ಸದೋಳು ಅಂತ ಅಡುಗೆಮನೆಗೇ ಬಿಡ್ಲಿಲ್ಲ. ಈಗ ಯಾರಾದ್ರೂ ಬಿದ್ದು ಸೊಂಟ ಮುರ್ಕೊಂಡ್ರೆ ಅದೇ ಜನ ಮಧ್ಯರಾತ್ರಿ ಫೋನ್ ಮಾಡ್ತಾರೆ, ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಳಿ. ನಮ್ಮತ್ತೆ ಮಲಗಿದಲ್ಲೇ ಆದಾಗ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ ಬೆನ್ನಲ್ಲಿ ಒಂದು ಹುಣ್ಣಾಗಕ್ಕೆ ಬಿಡ್ಲಿಲ್ಲ ನಾನು, ಒಬ್ರು ನೆನೆಸ್ಕೊಂಡ್ರಾ?

ಇರ್ಲಿ. ಚೈತ್ರಾ, ಇನ್ನೊಂದ್ಸಲ ಹೇಳ್ತೀನಿ, ಯಾರು ಎಷ್ಟೇ ಅರ್ಜೆಂಟ್ ಮಾಡಿದ್ರೂ ನೋಡ್ದೆ ಹಾಸಿಗೆಗೆ ಕೈ ಹಾಕ್ಬೇಡ, ದಿಂಬಿನ ಕೆಳಗೂ ಅಷ್ಟೇ.

ಅಯ್ಯೋ ಸವಿತಾ, ಮುಖ್ಯವಾದ್ದೇ ಬಿಟ್ಟೆ ನೋಡು. ವಾರ್ಡಿಗೆ ಹಾಕೋ ಮುಂಚೆ ಹೆಪಟೈಟಿಸ್ ಬಿ ಇಂಜೆಕ್ಷನ್ ಶುರು ಮಾಡ್ಸು, ಇವತ್ತೊಂದು, ಒಂದು ತಿಂಗ್ಳಾದ್ಮೇಲೆ ಒಂದು, ಆರನೇ ತಿಂಗ್ಳಿಗೊಂದು, ಮೂರೂ ಆದ್ಮೇಲೆ ಒಂದೆರಡು ತಿಂಗ್ಳಿಗೆ ಅದು ಕೆಲ್ಸ ಮಾಡಿದ್ಯಾ ಅಂತ ರಕ್ತ ಟೆಸ್ಟ್. ಚಿಕ್ಕೋಳಿದ್ದಾಗ ಹಾಕ್ಸಿದ್ರೆ ಆ ಕಾರ್ಡ್ ತಗೊಂಡೋಗಿ ಡಾಕ್ಟ್ರಿಗೆ ತೋರ್ಸು. ಚುಚ್ಚೇ ಬಿಟ್ರೆ ಹಿಂಡೋದು ಚೀಪೋದು ಬೇಡ, ನಲ್ಲಿ ನೀರಲ್ಲಿ ಸೋಪ್ ಹಾಕಿ ತೊಳ್ದು ತಕ್ಷಣ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ ಬರೆಸ್ಬೇಕು. ಎಚ್‌ಐವಿ ಬರ್ದಂಗೆ ಮಾತ್ರೆ ಬೇಕಾದ್ರೆ 72 ಗಂಟೆ ಒಳಗೇ ಶುರು ಮಾಡ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಇಂಜೆಕ್ಷನ್ ಕೊಡೋದು ಜಿಡಿಎ ಕೆಲ್ಸ ಅಲ್ಲ, ಕೊಡು ಅಂದ್ರೆ ಆಗಲ್ಲ ಅನ್ಲಿ. ಈ ಟ್ರೈನಿಂಗು ಮುಗಿಸಿದ್ರೆ ನರ್ಸ್ ಆಗ್ತಾಳೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡ, ನರ್ಸಿಂಗ್ ಕೌನ್ಸಿಲಲ್ಲಿ ಹೆಸ್ರು ಬರ್ಬೇಕಂದ್ರೆ ಎಎನ್‌ಎಂ ಎರಡು ವರ್ಷ, ಇಲ್ಲ ಜಿಎನ್‌ಎಂ ಮೂರು ವರ್ಷ, ಇಂಥ ನರ್ಸಿಂಗ್ ಕೋರ್ಸ್ ಓದ್ಲೇಬೇಕು. ಮಾರ್ಕ್ಸ್ ಕಾರ್ಡ್ ಒರಿಜಿನಲ್ ತೋರ್ಸಿ ವಾಪಸ್ ಇಸ್ಕೊಳ್ಳಿ, ಜೆರಾಕ್ಸ್ ಕೊಡಿ ಸಾಕು. ಬಳೆ ಉಂಗುರ ಮನೇಲೇ ಬಿಟ್ಟೋಗ್ಲಿ.